ಹೆಬ್ಬೆಟ್ಟು: ಸಹಿ ಬೀಗದ ಕೈಯಾದ ಕತೆ

ಓದು ಬರಹ ಬಾರದವರಿಗೆ ನಮ್ಮ ಕಡೆ ‘ಹೆಬ್ಬೆಟ್ಟು’ ಎಂದೇ ಹೆಸರು. ‘ಅವನೇನು ಬಿಡು, ಹೆಬ್ಬೆಟ್ಟು’ ಎನ್ನುವಾಗ ಮಾತಿನಲ್ಲಿ ತಾತ್ಸಾರ ಇಣುಕುತ್ತದೆ. 2017ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾದ ‘ಹೆಬ್ಬೆಟ್ಟ್ ರಾಮಕ್ಕ’ಕ್ಕೆ ಹೆಸರು ಬಂದದ್ದೂ ಈ ಬಳಕೆಯಿಂದಲೇ. ಈಗ ಆ ತಾತ್ಸಾರಕ್ಕೆ ಅರ್ಥ ಉಳಿದಿಲ್ಲ. ರೇಷನ್ ಅಂಗಡಿಯಲ್ಲಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ, ಹಾಜರಾತಿ ಯಂತ್ರದ ಮುಂದೆ ಎಂ.ಎ. ಮಾಡಿದವರೂ ಪಿಎಚ್.ಡಿ. ಮಾಡಿದವರೂ ಹೆಬ್ಬೆಟ್ಟೇ. ಹಳ್ಳಿಗಳಲ್ಲಿ ಇದಕ್ಕೆ ‘ಥಂಬ್ ಕೊಡೋದು’ ಎಂಬ ಹೊಸ ಮಾತೂ ಹುಟ್ಟಿಕೊಂಡಿದೆ.

ಹೀಗೆ ಕೊಟ್ಟ ಥಂಬ್ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಕರ್ನಾಟಕದಲ್ಲಿ ಜೋರಾಗಿ ಎದ್ದದ್ದು 2023ರಲ್ಲಿ. ಆ ವರ್ಷ ಮಂಗಳೂರು, ಬೆಂಗಳೂರು ಮೊದಲಾದ ಕಡೆ ಜನ ಠಾಣೆಗೆ ಬಂದು ಒಂದೇ ಬಗೆಯ ದೂರು ಹೇಳತೊಡಗಿದರು. ಓಟಿಪಿ ಯಾರಿಗೂ ಹೇಳಿಲ್ಲ, ಯಾವ ಲಿಂಕನ್ನೂ ಒತ್ತಿಲ್ಲ, ಎಟಿಎಂ ಕಾರ್ಡು ಮನೆಯ ಬೀರುವಿನಲ್ಲೇ ಇದೆ. ಆದರೂ ಖಾತೆಯಿಂದ ಹಣ ಹೋಗಿದೆ. ಇವರಲ್ಲಿ ಹಲವರು ಈಚೆಗಷ್ಟೇ ಜಮೀನೋ ಮನೆಯೋ ನೋಂದಣಿ ಮಾಡಿಸಿದ್ದರು. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಸಿಗುತ್ತಿದ್ದ ಕ್ರಯಪತ್ರಗಳ ಪ್ರತಿಗಳನ್ನು ಇಳಿಸಿಕೊಂಡು, ಅವುಗಳ ಮೇಲಿನ ಬೆರಳಚ್ಚಿನಿಂದ ನಕಲಿ ಬೆರಳು ಮಾಡಿ ಹಣ ತೆಗೆಯಲಾಗುತ್ತಿದೆ ಎಂಬುದು ತನಿಖೆಯಲ್ಲಿ ಹೊರಬಿತ್ತು. ಅಕ್ಟೋಬರ್‌ನಲ್ಲಿ ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಬಂಧಿಸಿದರು. ಇಲಾಖೆ ತನ್ನ ಜಾಲತಾಣದ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡಲು ಮುಂದಾಯಿತು.

ಪತ್ರಿಕೆಗಳು ಇದನ್ನು ‘ಬಯೋಮೆಟ್ರಿಕ್ ಸೋರಿಕೆ’ ಎಂದು ಕರೆದವು. ಆ ಪದ ನನಗೆ ಒಪ್ಪಿಗೆಯಾಗುವುದಿಲ್ಲ. ಮುಚ್ಚಿಟ್ಟದ್ದು ಹೊರಬಿದ್ದರೆ ಸೋರಿಕೆ. ಕ್ರಯಪತ್ರದ ಮೇಲಿನ ಹೆಬ್ಬೆಟ್ಟನ್ನು ಯಾರೂ ಯಾವತ್ತೂ ಮುಚ್ಚಿಟ್ಟಿರಲಿಲ್ಲ; ಕಂಡವರೆಲ್ಲ ನೋಡಲಿ ಎಂದೇ ಅದನ್ನು ಅಲ್ಲಿ ಒತ್ತಿಸಲಾಗುತ್ತಿತ್ತು. ಎಲ್ಲರಿಗೂ ಕಾಣುವ ಆ ಗುರುತನ್ನೇ ಬ್ಯಾಂಕ್ ಖಾತೆಯ ಬೀಗದ ಕೈಯಾಗಿ ಮಾಡಿದ್ದು ಯಾವಾಗ, ಹೇಗೆ ಎಂಬುದನ್ನು ನೋಡಬೇಕಿದೆ. ಅದಕ್ಕೆ ತುಸು ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ಹೋಗಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ ಒಳ್ಳೆಯ ಜಾಗ.

ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳು ದೊರೆತಿವೆ. ಪ್ರಾಕೃತದಲ್ಲಿರುವ, ಕ್ರಿ.ಶ. ನಾಲ್ಕನೆಯ ಶತಮಾನದ ಈ ದಾನಪತ್ರ ಹೊರಟದ್ದು ದೂರದ ಕಂಚಿಯಿಂದ. ಪಟಗಳನ್ನು ಒಂದು ಬಳೆಯಲ್ಲಿ ಪೋಣಿಸಿ ಆ ಬಳೆಗೆ ಮುದ್ರೆ ಹಾಕಲಾಗಿದೆ. ಕಂಚಿಯ ರಾಜನನ್ನು ಕಣ್ಣಾರೆ ಕಾಣದ ಊರಿನ ಜನ ಈ ಆಜ್ಞೆ ಅವನದೇ ಎಂದು ನಂಬಬೇಕಾದರೆ ಅವರ ಮುಂದಿದ್ದ ಆಧಾರ ಆ ಮುದ್ರೆ. ಸಾವಿರ ವರ್ಷದ ಬಳಿಕ ಇದೇ ಸೀಮೆಯ ಹಂಪಿಯಿಂದ ಆಳಿದ ದೊರೆಗಳು ತಮ್ಮ ತಾಮ್ರಶಾಸನಗಳ ಕೊನೆಗೆ ತಮ್ಮ ಹೆಸರನ್ನು ಬರೆಯುತ್ತಿರಲಿಲ್ಲ. ಶಾಸನ ನಂದಿನಾಗರಿಯಲ್ಲಿದ್ದರೂ ಕೊನೆಯಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿರುತ್ತದೆ. ಅದೇ ಅರಸನ ಒಪ್ಪ. ಆ ಎರಡು ಮಾತು ಯಾರಿಗೂ ಗುಟ್ಟಾಗಿರಲಿಲ್ಲ, ಬರೆಯಲು ಬಂದ ಯಾರು ಬೇಕಾದರೂ ಅದನ್ನು ಕೊರೆಯಬಹುದಿತ್ತು.

ಕೊರೆದೂ ಇದ್ದರು. ಶಾಸನ ಓದುವ ವಿದ್ಯಾರ್ಥಿಗಳಿಗೆ ‘ಕೂಟಶಾಸನ’ ಎಂಬ ಪದ ಪರಿಚಿತ. ಬಿ.ಎಲ್. ರೈಸ್ ಪ್ರಕಟಿಸಿದ ಗಂಗರ ತಾಮ್ರಪಟಗಳಲ್ಲಿ ಹಲವನ್ನು ಜೆ.ಎಫ್. ಫ್ಲೀಟ್ ಖೋಟಾ ಎಂದು ಸಾರಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಬ್ಬರ ನಡುವೆ ದೊಡ್ಡ ವಾಗ್ವಾದವೇ ನಡೆಯಿತು. ಜಮೀನಿನ ಹಕ್ಕಿಗಾಗಿ ನಕಲಿ ಗುರುತು ಸೃಷ್ಟಿಸುವುದು ಬಿಹಾರದ ಹುಡುಗರು ಕಂಡುಹಿಡಿದ ವಿದ್ಯೆಯೇನೂ ಅಲ್ಲ.

ಮುದ್ರೆಯಾಗಲಿ ಒಪ್ಪವಾಗಲಿ ಒಂಟಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಅದರ ಬೆನ್ನಿಗೆ ಸಾಕ್ಷಿಗಳಿರುತ್ತಿದ್ದರು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ದಲ್ಲಿ ಸಾಲಪತ್ರದ ಚರ್ಚೆ ಬರುತ್ತದೆ. ಸಾಲಗಾರನಿಗೆ ಅಕ್ಷರ ಬಾರದಿದ್ದರೆ ಏನು ಮಾಡಬೇಕು? ಎಲ್ಲ ಸಾಕ್ಷಿಗಳ ಎದುರಿನಲ್ಲಿ ಇನ್ನೊಬ್ಬನಿಂದ ತನ್ನ ಒಪ್ಪಿಗೆಯನ್ನು ಬರೆಸಬೇಕು. ಅಂದರೆ ‘ನೀನು ನೀನೇ’ ಎಂದು ಹೇಳಬೇಕಾದವರು ಸುತ್ತ ನಿಂತ ಜನ. ದಖ್ಖನಿನ ಹಳೆಯ ಕಾಗದಗಳಲ್ಲಿ ಒಕ್ಕಲಿಗನ ಸಹಿಯ ಜಾಗದಲ್ಲಿ ನೇಗಿಲಿನ ಚಿತ್ರ ಬರೆದು ‘ನಿಶಾನಿ’ ಎಂದು ಗುರುತಿಸುವ ಪದ್ಧತಿಯಿತ್ತು. ಎಲ್ಲ ಒಕ್ಕಲಿಗರ ನೇಗಿಲೂ ಒಂದೇ ಥರ. ಇದು ಇಂಥವನದೇ ನೇಗಿಲು ಎಂದು ಹೇಳಲು ಮತ್ತೆ ಪಕ್ಕದ ಮನೆಯವನೇ ಬೇಕು. ಈ ವ್ಯವಸ್ಥೆಯನ್ನು ವೈಭವೀಕರಿಸಬೇಕಿಲ್ಲ. ಸಾಲ ಕೊಟ್ಟವನ ಜಗುಲಿಯ ಮೇಲೆ ಕೂತ ಸಾಕ್ಷಿ ಯಾರ ಕಡೆ ಮಾತಾಡುತ್ತಿದ್ದ ಎಂಬುದನ್ನು ನಮ್ಮ ಹಳ್ಳಿಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಸಾಕ್ಷಿಗಳನ್ನು ನಂಬಲಾರದ ಒಬ್ಬ ಅಧಿಕಾರಿಯಿಂದ ಹೆಬ್ಬೆಟ್ಟಿನ ಆಧುನಿಕ ಕತೆ ಶುರುವಾಗುತ್ತದೆ. ಸಿಪಾಯಿ ದಂಗೆಯ ಮರುವರ್ಷ, 1858ರ ಜುಲೈಯಲ್ಲಿ, ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಯುವ ಅಧಿಕಾರಿ ರಸ್ತೆಗೆ ಸಾಮಗ್ರಿ ಪೂರೈಸುವ ಕರಾರು ಮಾಡಿಕೊಂಡ. ಗುತ್ತಿಗೆದಾರನ ಹೆಸರು ರಾಜ್ಯಧರ ಕೋನಾಯಿ. ಅವನ ಇಡೀ ಅಂಗೈಗೆ ಕಚೇರಿ ಮುದ್ರೆಯ ಮಸಿ ಬಳಿದು ಕರಾರಿನ ಹಿಂಬದಿಗೆ ಒತ್ತಿಸಿಕೊಂಡ. ಬೆರಳಿನ ಗೆರೆಗಳು ಒಬ್ಬರಿಂದೊಬ್ಬರಿಗೆ ಬೇರೆ ಎಂಬುದು ಆಗ ಹರ್ಷೆಲನಿಗೂ ತಿಳಿದಿರಲಿಲ್ಲ. ನಾಳೆ ‘ಈ ಸಹಿ ನನ್ನದಲ್ಲ’ ಎಂದು ಗುತ್ತಿಗೆದಾರ ತಿರುಗಿ ಬೀಳದಂತೆ ಅವನನ್ನು ಬೆದರಿಸುವುದಷ್ಟೇ ಉದ್ದೇಶ ಎಂದು ಅವನೇ ಮುಂದೆ ಬರೆದುಕೊಂಡಿದ್ದಾನೆ. ಅಂದರೆ ಹುಟ್ಟುವಾಗಲೇ ಈ ಗುರುತು ಒಂದು ಕಡೆಯವರ ಕೈಯಲ್ಲಿದ್ದ ಹಗ್ಗ. ಕೋನಾಯಿ ಅಂಗೈ ಒತ್ತಿದ, ಹರ್ಷೆಲ್ ಒತ್ತಲಿಲ್ಲ.

ಎರಡು ವರ್ಷದ ಬಳಿಕ ನೀಲಿ ಗಲಭೆ ನಡೆದ ನದಿಯಾ ಜಿಲ್ಲೆಗೆ ಹರ್ಷೆಲ್ ಮ್ಯಾಜಿಸ್ಟ್ರೇಟ್ ಆಗಿ ಹೋದ. ಅಲ್ಲಿ ಖೋಟಾ ಕಾಗದಗಳ ಮೇಲೆ ವ್ಯಾಜ್ಯಗಳು ತುಂಬಿಕೊಂಡಿದ್ದವು. ಕರಾರುಗಳಿಗೆ ಬೆರಳಚ್ಚು ಕಡ್ಡಾಯ ಮಾಡಿದರೆ ಮೋಸ ನಿಲ್ಲುತ್ತದೆ ಎಂಬ ಅವನ ಆಲೋಚನೆ ಅಲ್ಲಿ ಕಾರ್ಯರೂಪಕ್ಕೆ ಬರಲಿಲ್ಲ. ರೈತನಿಗೂ ರಕ್ಷಣೆಯಾಗಬಹುದಾಗಿದ್ದ ಕಡೆ ಕೆಲಸ ನಿಂತುಹೋಯಿತು ಎಂಬುದು ಗಮನಿಸಬೇಕಾದ ಸಂಗತಿ. 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿದಾರರಿಗೂ ನೋಂದಣಿ ಕಚೇರಿಗೂ ಜೈಲಿಗೂ ಅವನು ಬೆರಳಚ್ಚನ್ನು ತಂದ.

ಮುಂದಿನದು ಪೊಲೀಸರ ಕತೆ, ಬಹಳ ಕಡೆ ಬಂದಿರುವಂಥದ್ದು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಆಯಿತು, 1901ಕ್ಕೆ ಸ್ಕಾಟ್ಲೆಂಡ್ ಯಾರ್ಡ್ ಅದೇ ಪದ್ಧತಿ ಹಿಡಿಯಿತು. ಪದ್ಧತಿಗೆ ಎಡ್ವರ್ಡ್ ಹೆನ್ರಿಯ ಹೆಸರು ಬಂತು. ಅಚ್ಚುಗಳನ್ನು 1024 ಗೂಡುಗಳಲ್ಲಿ ವಿಂಗಡಿಸುವ ಲೆಕ್ಕಾಚಾರದ ಹಿಂದೆ ದುಡಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್ಸ್‌ಪೆಕ್ಟರುಗಳಿಗೆ ಎಷ್ಟೋ ವರ್ಷದ ಮೇಲೆ ಬಿರುದೂ ಇನಾಮೂ ಸಿಕ್ಕಿತು. 1898ರಲ್ಲಿ ಜಲಪಾಯಿಗುರಿಯ ಚಹಾ ತೋಟದಲ್ಲಿ ಕೊಲೆಯಾದಾಗ ಪಂಚಾಂಗದ ಮೇಲೆ ಉಳಿದ ಹೆಬ್ಬೆಟ್ಟಿನ ಕಲೆಯಿಂದ ಒಬ್ಬನನ್ನು ಹಿಡಿದರು. ನ್ಯಾಯಾಲಯ ಅವನಿಗೆ ಕಳವಿನ ಶಿಕ್ಷೆ ಕೊಟ್ಟಿತು, ಕೊಲೆಯ ಆರೋಪದಿಂದ ಬಿಟ್ಟಿತು. ಬೆರಳು ಅಲ್ಲಿತ್ತು ಎನ್ನುವುದು ಬೇರೆ, ಆ ಬೆರಳಿನವನು ಇಂಥದ್ದನ್ನು ಮಾಡಿದ ಎನ್ನುವುದು ಬೇರೆ ಎಂಬ ವಿವೇಕ ಅಂದಿನ ನ್ಯಾಯಾಲಯಕ್ಕಿತ್ತು. ಇಂದಿನ ಬ್ಯಾಂಕ್ ಯಂತ್ರಕ್ಕೆ ಅದಿಲ್ಲ.

ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. 1911ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಮದ್ರಾಸಿಗೂ ಬಂದಾಗ ಬೆರಳಚ್ಚು ಇಡೀ ಸಮುದಾಯಗಳ ಮೇಲೆ ಬಿತ್ತು. ಪಟ್ಟಿಯಲ್ಲಿ ಸೇರಿದ ಜಾತಿಯಲ್ಲಿ ಹುಟ್ಟಿದ್ದೇ ಸಾಕು, ಅಧಿಕಾರಿ ಕೇಳಿದಾಗ ಬೆರಳು ಕೊಡಬೇಕು. ಮದ್ರಾಸ್ ಪ್ರಾಂತ್ಯದಲ್ಲಿ ಈ ಕಾಯಿದೆ ರದ್ದಾದದ್ದು 1947ರಲ್ಲಿ, ದೇಶದ ಮಟ್ಟದಲ್ಲಿ 1952ರಲ್ಲಿ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ಭಾರತೀಯರಿಂದ ಹತ್ತೂ ಬೆರಳಿನ ಅಚ್ಚು ಕೇಳಿದಾಗ ಗಾಂಧೀಜಿ 1906ರಿಂದ ಹೋರಾಡಿದರು. 1908ರಲ್ಲಿ ರಾಜಿಯಾಗಿ ಸ್ವಇಚ್ಛೆಯಿಂದ ಬೆರಳು ಕೊಡಲು ಹೊರಟದ್ದಕ್ಕೆ ತಮ್ಮವರಿಂದಲೇ ಪೆಟ್ಟು ತಿಂದರು.

ಆದರೆ ಜನಸಾಮಾನ್ಯರಿಗೆ ಹೆಬ್ಬೆಟ್ಟು ಅಂದರೆ ಪೊಲೀಸು ನೆನಪಾಗುವುದು ಕಡಿಮೆ. ನೆನಪಾಗುವುದು ರಿಜಿಸ್ಟ್ರಾರ್ ಆಫೀಸು. 1908ರ ನೋಂದಣಿ ಕಾಯಿದೆ ಇಂದಿಗೂ ಚಾಲ್ತಿಯಲ್ಲಿದೆ. 1953ರ ಅಕ್ಟೋಬರ್ 1ರಂದು ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಮದ್ರಾಸು ಬಿಟ್ಟು ಮೈಸೂರಿಗೆ ಬಂದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೊಟ್ಟೂರು ತಾಲ್ಲೂಕಾದದ್ದು ತೀರಾ ಈಚೆಗೆ. ಹರಪನಹಳ್ಳಿಯ ಒಂದು ಹೊಲದ ಕಾಗದಪತ್ರಗಳನ್ನು ಅನುಕ್ರಮವಾಗಿ ಜೋಡಿಸಿದರೆ ರಾಜ್ಯ, ಜಿಲ್ಲೆಗಳ ಹೆಸರು ಇಷ್ಟು ಸಲ ಬದಲಾಗಿರುತ್ತದೆ. ಕೆಳಗಿನ ಎಡಗೈ ಹೆಬ್ಬೆಟ್ಟಿನ ಮಸಿ, ಅದರ ಪಕ್ಕ ‘ಇಂಥವರ ಹೆಬ್ಬೆಟ್ಟಿನ ಗುರುತು’ ಎಂಬ ಪತ್ರ ಬರಹಗಾರನ ಕೈಬರಹ ಮಾತ್ರ ಹಾಗೇ ಇರುತ್ತದೆ.

ಈ ಕಾಯಿದೆಯ 57ನೆಯ ಕಲಮು ನಮ್ಮ ಕತೆಗೆ ಮುಖ್ಯ. ಸ್ಥಿರಾಸ್ತಿಯ ಪತ್ರಗಳಿರುವ ಒಂದನೆಯ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ಪ್ರತಿ ಪಡೆಯಬಹುದು. ಒಂದೇ ಹೊಲವನ್ನು ಇಬ್ಬರಿಗೆ ಮಾರದಂತೆ, ಅಡವಿಟ್ಟದ್ದನ್ನು ಮುಚ್ಚಿಟ್ಟು ಮಾರದಂತೆ ತಡೆಯಲು ಇದ್ದ ದಾರಿ ಅದೇ. ಬಚ್ಚಿಡದಿರುವುದೇ ಇಲ್ಲಿ ಕೊಳ್ಳುವವನಿಗೆ ರಕ್ಷಣೆ. 2001ರಲ್ಲಿ ಕಾಯಿದೆಗೆ 32ಎ ಎಂಬ ಕಲಮು ಸೇರಿತು. ಅಲ್ಲಿಂದ ಆಸ್ತಿ ವರ್ಗಾವಣೆಯಲ್ಲಿ ಕೊಟ್ಟವರೂ ಕೊಂಡವರೂ ಫೋಟೊ ಅಂಟಿಸಿ ಬೆರಳಚ್ಚು ಒತ್ತಬೇಕಾಯಿತು. ಸಹಿ ಮಾಡಲು ಬರುವವರು, ಬಾರದವರು ಎಂಬ ಭೇದ ಹೋಯಿತು. ಬೇರೊಬ್ಬನನ್ನು ಮಾಲೀಕನೆಂದು ನಿಲ್ಲಿಸಿ ಜಮೀನು ಬರೆಸಿಕೊಳ್ಳುವ ಮೋಸಕ್ಕೆ ಇದು ಒಳ್ಳೆಯ ಮದ್ದು. ಹೆಬ್ಬೆಟ್ಟು ಇಲ್ಲಿ ಸಹಿ, ತೆರೆದ ಪುಸ್ತಕದಲ್ಲಿ ಕೂರುವ ಗುರುತು. ಅದನ್ನು ಕದ್ದು ಏನೂ ಮಾಡುವ ಹಾಗಿರಲಿಲ್ಲ, ಏಕೆಂದರೆ ಅದನ್ನು ಒತ್ತುವಾಗ ಎದುರಿಗೆ ಅಧಿಕಾರಿ ಕೂತಿರುತ್ತಿದ್ದ, ಪಕ್ಕದಲ್ಲಿ ಗುರುತಿಸುವವರು ನಿಂತಿರುತ್ತಿದ್ದರು.

ಅದೇ ಹೊತ್ತಿಗೆ ಕರ್ನಾಟಕದಲ್ಲಿ ನಡೆದ ಇನ್ನೊಂದು ಪ್ರಯೋಗ ನನಗೆ ಈ ಇಡೀ ಚರಿತ್ರೆಯಲ್ಲೇ ವಿಶೇಷವಾಗಿ ಕಾಣುತ್ತದೆ. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ ತಾಲ್ಲೂಕು ಕಚೇರಿಗಳಲ್ಲಿ ವಿತರಣೆಗಿಟ್ಟರು. ಒಂದು ಪ್ರತಿಗೆ ಆಗ 15 ರೂಪಾಯಿ. ಅದಕ್ಕೂ ಮೊದಲು ಪಹಣಿ ಇದ್ದದ್ದು ಗ್ರಾಮ ಲೆಕ್ಕಿಗರ ಕೈಯಲ್ಲಿ, ತಿದ್ದಿದರೆ ಕೇಳುವವರು ಕಡಿಮೆ. ಭೂಮಿ ತಂತ್ರಾಂಶದಲ್ಲಿ ದಾಖಲೆ ಮುಟ್ಟುವ ಅಧಿಕಾರಿ ಮತ್ತು ಸಿಬ್ಬಂದಿ ಮೊದಲು ತಮ್ಮ ಬೆರಳನ್ನು ಯಂತ್ರದ ಮೇಲಿಡಬೇಕಿತ್ತು. ನಾಳೆ ತಕರಾರು ಬಂದರೆ ‘ನನ್ನ ಪಾಸ್‌ವರ್ಡನ್ನು ಬೇರೆ ಯಾರೋ ಬಳಸಿದ್ದಾರೆ’ ಎಂದು ಜಾರಿಕೊಳ್ಳುವ ಹಾಗಿಲ್ಲ. ಕೋನಾಯಿಯ ಅಂಗೈ ಒತ್ತಿಸಿಕೊಂಡ ನೂರನಲವತ್ತು ವರ್ಷಕ್ಕೆ ಹರ್ಷೆಲನ ಕುರ್ಚಿಯಲ್ಲಿ ಕೂತವರೂ ಬೆರಳು ಕೊಟ್ಟರು. ರೈತ ಬೆರಳು ಕೊಡಲಿಲ್ಲ, ಹಣ ಕೊಟ್ಟು ಪಹಣಿ ತೆಗೆದುಕೊಂಡ. ಭೂಮಿ ಯೋಜನೆಯ ಬಗ್ಗೆ ಬೇರೆ ಟೀಕೆಗಳಿವೆ, ಅವು ಇಲ್ಲಿಗೆ ಬೇಡ. ಬಯೋಮೆಟ್ರಿಕ್ ತಂತ್ರಜ್ಞಾನ ಸಾಮಾನ್ಯರನ್ನು ಕಾಯಬಲ್ಲದೇ ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ನಂತರ ಆಧಾರ್ ಬಂತು. 2009ರಲ್ಲಿ ಪ್ರಾಧಿಕಾರ ಸ್ಥಾಪನೆಯಾಗಿ ಬೆಂಗಳೂರಿನ ನಂದನ್ ನಿಲೇಕಣಿ ಅದರ ಅಧ್ಯಕ್ಷರಾದರು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರೂ ಬೆಂಗಳೂರಿನವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಅರ್ಜಿಯಿಂದಾಗಿ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕಾಯಿತು. 2018ರ ಸೆಪ್ಟೆಂಬರ್ 26ರಂದು ಆಧಾರ್ ಉಳಿಯಿತು, ಆದರೆ ಖಾಸಗಿ ಕಂಪನಿಗಳು ಆಧಾರ್ ದೃಢೀಕರಣ ಬಳಸಲು ಅವಕಾಶ ಕೊಟ್ಟಿದ್ದ ಭಾಗ ಬಿದ್ದುಹೋಯಿತು. ಆ ಭಾಗವಿದ್ದದ್ದೂ 57ನೆಯ ಕಲಮಿನಲ್ಲೇ. ಒಂದು ಕಾಯಿದೆಯ 57 ಪುಸ್ತಕ ತೆರೆದಿಡು ಎನ್ನುತ್ತದೆ, ಇನ್ನೊಂದರ 57ನ್ನು ಬೆರಳು ಜೋಪಾನ ಎಂದು ಕೋರ್ಟು ಕತ್ತರಿಸುತ್ತದೆ. ಕಾಕತಾಳೀಯ ನಿಜ, ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದವರು ಯಾರಾದರೂ ಇದ್ದಿದ್ದರೆ 2023ರ ಅನಾಹುತ ಮೊದಲೇ ಕಾಣುತ್ತಿತ್ತು. ಸುಳಿವೂ ಇತ್ತು: 2018ರಲ್ಲೇ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಸಿಮ್ ಮಾರುವವನೊಬ್ಬ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ನಕಲು ಮಾಡಿ ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿಸಿ ಸಿಕ್ಕಿಬಿದ್ದಿದ್ದ.

ಬೆರಳು ಬೀಗದ ಕೈಯಾದದ್ದು ಎಇಪಿಎಸ್ ಎಂಬ ವ್ಯವಸ್ಥೆಯಲ್ಲಿ, ಅಂದರೆ ಆಧಾರ್ ಆಧಾರಿತ ಪಾವತಿಯಲ್ಲಿ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಈ ಮೂರಿದ್ದರೆ ಬ್ಯಾಂಕ್ ಮಿತ್ರರ ಪುಟ್ಟ ಯಂತ್ರದಲ್ಲಿ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಪಿನ್ ಬೇಡ, ಓಟಿಪಿ ಬೇಡ, ಫೋನೂ ಬೇಡ. ಇದನ್ನು ಹೀಗಳೆಯಲು ಮನಸ್ಸು ಬರುವುದಿಲ್ಲ. ಬಳ್ಳಾರಿಯಲ್ಲಿ 1976ರಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಶುರುವಾದ ಮೇಲೂ ಈ ಸೀಮೆಯ ಎಷ್ಟೋ ಹಳ್ಳಿಯವರು ಹಣ ತೆಗೆಯಲು ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಚೀಟಿ ತುಂಬಿಕೊಡುವವರನ್ನು ಹುಡುಕಬೇಕಿತ್ತು. ಈಗ ಊರಿನ ಕಟ್ಟೆಯ ಬಳಿಯ ಅಂಗಡಿಯಲ್ಲೇ ವೃದ್ಧಾಪ್ಯ ವೇತನ ಸಿಗುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನೂ ಎಷ್ಟೋ ಹೆಂಗಸರು ಥಂಬ್ ಕೊಟ್ಟೇ ಪಡೆಯುತ್ತಾರೆ. ನಕಲಿ ಬೆರಳಿನ ಸುದ್ದಿಗಳು ಹಬ್ಬಿದ್ದೂ ಅದೇ ತಿಂಗಳುಗಳಲ್ಲಿ.

ಒಂದು ವ್ಯಂಗ್ಯವೂ ಇದರಲ್ಲಿದೆ. ಶೇಂಗಾ ಬಿಡಿಸಿ, ಕಲ್ಲು ಹೊತ್ತು ಗೆರೆ ಸವೆದ ನಿಜವಾದ ಬೆರಳನ್ನು ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. 2016-17ರ ಆರ್ಥಿಕ ಸಮೀಕ್ಷೆಯೇ ದೃಢೀಕರಣ ವೈಫಲ್ಯದ ಅಂದಾಜು ಜಾರ್ಖಂಡಿನಲ್ಲಿ ಶೇ. 49, ರಾಜಸ್ಥಾನದಲ್ಲಿ ಶೇ. 37 ಎಂದು ದಾಖಲಿಸಿತ್ತು. ಅಜ್ಜಿಯ ಬೆರಳು ನಡೆಯದ ಕಡೆ ಅಚ್ಚು ತೆಗೆದ ರಬ್ಬರಿನ ಬೆರಳು ನಡೆಯಿತು. ಪಾಸ್‌ವರ್ಡು ಕಳುವಾದರೆ ಬದಲಿಸಬಹುದು, ಹುಟ್ಟಿದಾಗಿನಿಂದ ಬಂದ ಹತ್ತು ಬೆರಳಿಗೆ ಬದಲಿಯಿಲ್ಲ.

ತಾಂತ್ರಿಕವಾಗಿ ಒಂದಷ್ಟು ದುರಸ್ತಿ ಆಗಿದೆ. ಬೆರಳಿನ ಗೆರೆಗಳ ಜೊತೆಗೆ ಅದರ ಇಡೀ ಚಿತ್ರವನ್ನೂ ನೋಡಿ ಜೀವಂತ ಬೆರಳೋ ಅಲ್ಲವೋ ಎಂದು ಪರೀಕ್ಷಿಸುವ ವಿಧಾನವನ್ನು ಆಧಾರ್ ಪ್ರಾಧಿಕಾರ 2023ರಲ್ಲಿ ತಂದಿತು. ಆಧಾರ್ ಜಾಲತಾಣದಲ್ಲೋ ಎಂಆಧಾರ್ ಆ್ಯಪಿನಲ್ಲೋ ನಮ್ಮ ಬಯೋಮೆಟ್ರಿಕ್‌ಗೆ ನಾವೇ ಬೀಗ ಹಾಕಬಹುದು, ಬೇಕಾದಾಗ ತೆಗೆಯಬಹುದು. ಇದನ್ನು ಓದುತ್ತಿರುವವರು ಹಾಕಿಕೊಳ್ಳುವುದು ಒಳ್ಳೆಯದು. ಆದರೆ ಈ ಬೀಗಕ್ಕೆ ಸ್ವಂತ ಮೊಬೈಲು ಬೇಕು, ಅದು ಆಧಾರಿಗೆ ಜೋಡಣೆಯಾಗಿರಬೇಕು, ಓಟಿಪಿ ಓದಲು ಬರಬೇಕು. ಇಷ್ಟೆಲ್ಲ ಇರುವವರಿಗೆ ಬೆರಳಿನಿಂದ ಹಣ ತೆಗೆಯುವ ಅಗತ್ಯವೇ ಕಡಿಮೆ. ಬೆರಳನ್ನೇ ನಂಬಿದವರಿಗೆ ಬೀಗ ಹಾಕಲು ಇನ್ನೊಬ್ಬರು ಬೇಕು, ಮಿತಾಕ್ಷರದ ಸಾಲಗಾರನಂತೆಯೇ.

ಹಾಗಾಗಿ ನನಗೆ ಹೆಚ್ಚು ಭರವಸೆ ಕಾಣುವುದು ಯಂತ್ರದ ಆಚೆ ಬದಿಯಲ್ಲಿ ಕೂತವರನ್ನು ಕಟ್ಟಿಹಾಕುವ ನಿಯಮಗಳಲ್ಲಿ. ಎಇಪಿಎಸ್ ಯಂತ್ರ ನಡೆಸುವವರ ಹಿನ್ನೆಲೆಯನ್ನು ಬ್ಯಾಂಕುಗಳು ಸರಿಯಾಗಿ ಪರಿಶೀಲಿಸಬೇಕು, ಅವರ ವ್ಯವಹಾರದ ಮೇಲೆ ಕಣ್ಣಿಡಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ನಿರ್ದೇಶನ ಹೊರಡಿಸಿ 2026ರ ಜನವರಿ 1ರಿಂದ ಜಾರಿ ಎಂದಿತು. ಅದಕ್ಕಿಂತ ಹಳೆಯದು 2017ರ ಜುಲೈ 6ರ ಸುತ್ತೋಲೆ. ಗ್ರಾಹಕರ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ, ಮೂರನೆಯವರ ಮೋಸದಿಂದ ಹಣ ಹೋದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಹೊರಿಸುವಂತಿಲ್ಲ. ಗ್ರಾಹಕರೇ ಹೊಣೆ ಎನ್ನುವುದಾದರೆ ಅದನ್ನು ಸಾಬೀತು ಮಾಡಬೇಕಾದದ್ದು ಬ್ಯಾಂಕು. 1858ರಿಂದ ‘ಇದು ನನ್ನದಲ್ಲ’ ಎಂದು ಹೇಳದಂತೆ ಮಾಡಲೆಂದೇ ಬೆರಳು ಒತ್ತಿಸಿಕೊಂಡು ಬಂದ ಚರಿತ್ರೆಯಲ್ಲಿ, ಬೆರಳು ಹೊಂದಿದರೂ ‘ಒತ್ತಿದ್ದು ನಾನಲ್ಲ’ ಎನ್ನುವ ಹಕ್ಕನ್ನು ಕಾಗದದ ಮೇಲೆ ಇಟ್ಟದ್ದು ಸಣ್ಣ ಸಂಗತಿಯಲ್ಲ.

ಉಳಿದಿರುವ ತೊಡಕು ಆ ಮೂರು ದಿನದ್ದು. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಮಗ ಸೊಸೆ ಬೆಂಗಳೂರಿಗೆ ದುಡಿಯಲು ಹೋಗಿರುತ್ತಾರೆ, ಊರಿನಲ್ಲಿ ಅಜ್ಜಿ ಇರುತ್ತಾಳೆ. ಖಾತೆ ಅಜ್ಜಿಯದು, ಅದಕ್ಕೆ ಕೊಟ್ಟ ಮೊಬೈಲ್ ನಂಬರು ಮಗನದು, ಆ ನಂಬರೂ ಎರಡು ಸಲ ಬದಲಾಗಿರುತ್ತದೆ. ಹಣ ಹೋದ ಸಂದೇಶ ಯಾರ ಫೋನಿಗೋ ಬಂದು ಬಿದ್ದಿರುತ್ತದೆ. 1930ಕ್ಕೆ ಕರೆ ಮಾಡಬೇಕು ಎಂಬುದು ಅಜ್ಜಿಗೆ ಗೊತ್ತಾಗುವುದು, ಮುಂದಿನ ತಿಂಗಳು ಥಂಬ್ ಕೊಟ್ಟಾಗ ‘ಖಾತೆಯಲ್ಲಿ ಏನೂ ಇಲ್ಲವಲ್ಲವ್ವಾ’ ಎಂದು ಅಂಗಡಿಯವನು ಹೇಳಿದ ಮೇಲೆ.